ನಡುಕಟ್ಟಿನ ಇನ್ನೊಂದು ತುದಿ

ಸಂತ್ ರೊಮಾ ಊರಿನಲ್ಲಿ ರೆಮೇಯ್ ಎಂದರೆ ಯಾವ ರೆಮೇಯ್ ಎಂದು ಯಾರೂ ಕೇಳುವುದಿಲ್ಲ. ಮಾರುಕಟ್ಟೆಯಲ್ಲಿ ಉಪ್ಪುಮೀನಿನ ಅಂಗಡಿ ಇಟ್ಟುಕೊಂಡು ಅರ್ಧ ಜನ್ಮ ನಿಂತೇ ಕಳೆದ ರೆಮೇಯ್. ಆಳು ಐದಡಿಗೆ ಕಡಿಮೆ, ಬಾಯಿ ಮಾತ್ರ ಏಳಡಿ. ಊರಿನ ಗೋಪುರದ ತಂಡಕ್ಕೆ ಕಾಲಿಟ್ಟ ಮೊದಲ ಹೆಂಗಸು ಅವಳೇ. ಮನುಷ್ಯರ ಹೆಗಲ ಮೇಲೆ ಮನುಷ್ಯರು ಹತ್ತಿ, ಅವರ ಹೆಗಲ ಮೇಲೆ ಇನ್ನಷ್ಟು ಜನ ಹತ್ತಿ, ಕೊನೆಗೊಂದು ಮಗು ತುತ್ತತುದಿಯಲ್ಲಿ ಕೈ ಎತ್ತುವ ಗೋಪುರ ಅದು. ಅಲ್ಲಿಯವರೆಗೂ ಹೆಂಗಸರಿಗೆ ಅಂಗಿ ಒಗೆಯುವ ಕೆಲಸ ಮಾತ್ರ ಇತ್ತು.

ಅವಳು ಬಂದ ದಿನ ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

"ಇವಳನ್ನ ಎಲ್ಲಿ ನಿಲ್ಸೋದು? ಜೇಬಲ್ಲಾ?"

"ಎರ್ಮೆಂಗೋಲ್ ಕಂಕುಳಲ್ಲಿ," ಎಂದಳು ರೆಮೇಯ್. "ಅಲ್ಲಿ ನಿಲ್ಲೋಕೆ ನಿಮ್ಮಲ್ಲಿ ಯಾವನಿಗೂ ಗಿಡ್ಡತನಾನೂ ಇಲ್ಲ, ಧೈರ್ಯಾನೂ ಇಲ್ಲ."

ಅದು ತಮಾಷೆಯಲ್ಲ, ನಿಜವಾದ ಜಾಗ. ಬುಡದಲ್ಲಿ ಇಡೀ ಗೋಪುರ ಹೊರುವ ದಾಂಡಿಗನ ಎರಡೂ ಕಂಕುಳ ಕೆಳಗೆ ಕುಳ್ಳಗಿನ ಒಬ್ಬೊಬ್ಬರು ಹೆಗಲು ಕೊಟ್ಟು ನಿಲ್ಲಬೇಕು. ಮೇಲಿನ ಭಾರಕ್ಕೆ ಅವನು ಕುಸಿಯದ ಹಾಗೆ ಹಿಡಿಯುವವರು ಅವರು. ಅಂದಿನಿಂದ ಬಲಗಂಕುಳು ರೆಮೇಯ್‌ಳದಾಯಿತು. ಮೊದಲು ಬ್ರೆಡ್ಡಿನಂಗಡಿಯ ಎರ್ಮೆಂಗೋಲ್, ಅವನಿಗೆ ವಯಸ್ಸಾದ ಮೇಲೆ ಅವನ ಮಗ ಎರ್ಮೆಂಗೋಲ್. ಹೆಸರೂ ಅದೇ, ಬೆವರೂ ಅದೇ. "ನನ್ನ ಗಂಡನ ಮುಖಕ್ಕಿಂತ ಆ ಮನೆತನದ ಕಂಕುಳೇ ನಂಗೆ ಚೆನ್ನಾಗಿ ಗೊತ್ತು" ಎಂದು ಅವಳು ಗಂಡ ಬದುಕಿದ್ದಾಗಲೇ ಹೇಳುತ್ತಿದ್ದಳು. ಆ ಪಾಪದ ಮನುಷ್ಯನೂ ಎಲ್ಲರ ಜೊತೆ ನಗುತ್ತಿದ್ದ.

ಇದರಲ್ಲೊಂದು ವಿಚಿತ್ರವಿತ್ತು. ಇಷ್ಟು ವರ್ಷ ಗೋಪುರ ಹೊತ್ತ ರೆಮೇಯ್ ತನ್ನ ತಂಡದ ಗೋಪುರವನ್ನು ಒಮ್ಮೆಯೂ ನೋಡಿರಲಿಲ್ಲ. ಕಂಕುಳ ಕೆಳಗೆ ನಿಂತವರಿಗೆ ಕಾಣುವುದು ಮುಂದಿನವರ ಅಂಗಿ ಮತ್ತು ತಮ್ಮದೇ ಕಾಲಬೆರಳು. ತಲೆ ಎತ್ತಿದರೆ ಕುತ್ತಿಗೆಗೆ ಕುತ್ತು. ಗೋಪುರ ಎಲ್ಲಿಗೆ ಬಂತು ಎಂದು ಹೇಳುವುದು ಓಲಗ. ಧಾಟಿ ಬದಲಾದರೆ ಮಗು ಕೈ ಎತ್ತಿತು ಎಂದರ್ಥ, ಆಮೇಲೆ ಇಳಿಯುವುದೊಂದೇ ಬಾಕಿ. ಅಷ್ಟು ಕೇಳಿದರೆ ಅವಳ ಮೈಯೆಲ್ಲ ಜುಮ್ಮೆನ್ನುತ್ತಿತ್ತು. ನೋಡಬೇಕೆಂದು ಅನಿಸಿದ್ದೇ ಇಲ್ಲ.

ಇನ್ನು ನಡುಕಟ್ಟಿನ ವಿಷಯ. ಅದಿಲ್ಲದೆ ಯಾರೂ ಬುಡಕ್ಕೆ ಹೋಗುವ ಹಾಗಿಲ್ಲ. ಆಳುದ್ದಕ್ಕಿಂತ ಎಷ್ಟೋ ಉದ್ದದ ಕಪ್ಪು ಬಟ್ಟೆ. ಒಬ್ಬರು ಒಂದು ತುದಿಯನ್ನು ಬಿಗಿಯಾಗಿ ಎಳೆದು ಹಿಂದಕ್ಕೆ ಒರಗಿ ನಿಲ್ಲಬೇಕು, ಇನ್ನೊಬ್ಬರು ಇನ್ನೊಂದು ತುದಿಯನ್ನು ಸೊಂಟಕ್ಕೆ ಒತ್ತಿಕೊಂಡು ಗಿರಗಿರ ತಿರುಗುತ್ತಾ ಅದರೊಳಕ್ಕೆ ಸುತ್ತಿಕೊಳ್ಳಬೇಕು. ಎಳೆಯುವವರು ಸಡಿಲ ಬಿಟ್ಟರೆ ಸೊಂಟ ಹೋಯಿತು. ರೆಮೇಯ್‌ಳ ತುದಿ ಹಿಡಿಯುತ್ತಿದ್ದವಳು ಕಿಮೆತಾ, ಮಾರುಕಟ್ಟೆಯ ಎದುರು ಹೆಂಗಸರ ಕೂದಲು ಕತ್ತರಿಸುವವಳು. ಕಿಮೆತಾಳ ತುದಿ ಹಿಡಿಯುತ್ತಿದ್ದವಳು ರೆಮೇಯ್. ಕಿಮೆತಾ ಇವಳಿಗಿಂತ ಒಂದು ಬೆರಳು ಎತ್ತರ, ಆ ಒಂದು ಬೆರಳಿನ ಜಂಬ ಅವಳಿಗೆ ಸಾಯುವವರೆಗೂ ಹೋಗುವುದಿಲ್ಲ.

ಹೋದ ವರ್ಷ ಚಳಿಗಾಲ ಶುರುವಾಗುವ ಹೊತ್ತಿಗೆ ರೆಮೇಯ್ ಬಿದ್ದಳು. ಎಪ್ಪತ್ತೊಂದು ವಯಸ್ಸು. ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟಿದ್ದರೂ ದಿನಾ ಬೆಳಿಗ್ಗೆ ಹೋಗಿ ಹೊಸಬರ ತಪ್ಪು ಹುಡುಕದಿದ್ದರೆ ಅವಳಿಗೆ ಕಾಫಿ ಇಳಿಯುತ್ತಿರಲಿಲ್ಲ. ಮೀನು ನೆನೆಹಾಕಿದ ತೊಟ್ಟಿಯ ಪಕ್ಕದ ಒದ್ದೆ ಹಲಗೆಯ ಮೇಲೆ ಕಾಲು ಜಾರಿತು. ಬಲಗಡೆಯ ತೊಡೆಮೂಳೆ ಸೊಂಟದ ಹತ್ತಿರ ಮುರಿಯಿತು. ಸ್ಟ್ರೆಚರಿನಲ್ಲಿ ಮಲಗಿಸುವಾಗಲೂ ಅವಳು "ಮೀನಿನ ನೀರು ಬದಲಾಯ್ಸ್ರೋ" ಎಂದು ಕೂಗುತ್ತಿದ್ದಳಂತೆ.

ಜಿಲ್ಲಾ ಆಸ್ಪತ್ರೆಯಲ್ಲಿ ಡಾಕ್ಟರ್ ಬೊಫಾರುಲ್ ಆಪರೇಷನ್ ಮಾಡಿದರು. ಮೃದು ಮಾತಿನ ಮನುಷ್ಯ.

"ನೋಡಿ ಸೆನ್ಯೋರಾ, ತೊಡೆಮೂಳೆ ಒಳಗೆ ಒಂದು ಸರಳು ಹಾಕಿದೀವಿ. ಅದರಿಂದ ಮೇಲಕ್ಕೆ, ಮೂಳೆಯ ಗುಂಡಿನೊಳಗೆ ಒಂದು ದಪ್ಪ ಸ್ಕ್ರೂ. ಮೂಳೆ ಕೂಡಿಕೊಳ್ಳೋವರೆಗೂ ಅದು ಹಿಡ್ಕೊಂಡಿರತ್ತೆ. ನಡೀರಿ, ನಡೆದ್ರೇ ಒಳ್ಳೇದು. ಆದ್ರೆ ತೊಡೆಸಂದೀಲಿ ನೋವು ಶುರುವಾದ್ರೆ, ಕಾಲು ಗಿಡ್ಡ ಆದ ಹಾಗೆ ಅನ್ಸಿದ್ರೆ, ಅವತ್ತೇ ಬಂದ್ಬಿಡಿ."

"ನಾನೇ ಗಿಡ್ಡ. ಕಾಲೊಂದು ಗಿಡ್ಡ ಆದ್ರೆ ನಂಗೆಲ್ಲಿ ಗೊತ್ತಾಗತ್ತೆ ಡಾಕ್ಟ್ರೇ?"

ಬಾದಾಮಿ ಗಿಡ ಹೂ ಬಿಡುವ ಹೊತ್ತಿಗೆ ಅವಳು ಕೋಲು ಹಿಡಿದು ಮಾರುಕಟ್ಟೆಗೆ ಹಾಜರಾದಳು. ಊರೆಲ್ಲ ಬೆರಗಾಯಿತು. ಆಗಲೇ ಅವಳ ಮಗಳು ನೇವುಸ್ ಊರನ್ನು ಇನ್ನೂ ಬೆರಗಾಗಿಸುವ ಸುದ್ದಿ ಹೇಳಿದಳು. ನೇವುಸ್ ಈಗ ತಂಡದ ಮುಖ್ಯಸ್ಥೆ. ಆಗಸ್ಟಿನ ಊರಹಬ್ಬಕ್ಕೆ ಒಂಬತ್ತು ಅಂತಸ್ತಿನ ಗೋಪುರ ಎತ್ತುತ್ತೇವೆ ಎಂದಳು. ಸಂತ್ ರೊಮಾದ ತಂಡ ಎಂಟು ದಾಟಿದ್ದೇ ಇಲ್ಲ. ಒಂಬತ್ತು! ಕಾಫಿ ಅಂಗಡಿಯಲ್ಲಿ, ಬಸ್ಸಿನಲ್ಲಿ, ಪಾದ್ರಿಯ ಮನೆಯಲ್ಲಿ, ಎಲ್ಲೆಲ್ಲೂ ಅದೇ ಮಾತು.

"ಬಲಗಂಕುಳು ನಂದು," ಎಂದಳು ರೆಮೇಯ್ ಅದೇ ಸಂಜೆ.

"ಅಮ್ಮ, ನಿನಗೆ ಹುಚ್ಚಾ?"

"ಡಾಕ್ಟ್ರು ನಡಿ ಅಂದಿದಾರೆ. ನಿಲ್ಲೋದು ನಡೆಯೋದಕ್ಕಿಂತ ಸುಲಭ."

"ಜುಲೈನಲ್ಲಿ ತೋರಿಸೋಕೆ ಹೋಗ್ಬೇಕಲ್ಲ, ಆಗ ಅವರು ಹೂಂ ಅನ್ಲಿ. ಆಮೇಲೆ ನೋಡೋಣ."

ನೇವುಸ್ ಹಾಗೆಂದದ್ದು ಮಾತು ತಪ್ಪಿಸಲು. ರೆಮೇಯ್ ಅದನ್ನು ಭಾಷೆ ಎಂದೇ ಹಿಡಿದುಕೊಂಡಳು. ಒಂಬತ್ತು ಅಂತಸ್ತಿನ ಕೆಳಗೆ ತನ್ನ ಜಾಗದಲ್ಲಿ ತನ್ನ ಎರಡು ಕಾಲ ಮೇಲೆ ನಿಲ್ಲಬೇಕು. ಈ ವರ್ಷ ಅವಳಿಗೆ ಬೇಕಾದ್ದು ಅದೊಂದೇ.

ಮೇ ತಿಂಗಳಲ್ಲಿ ತೊಡೆಸಂದಿಯಲ್ಲಿ ನೋವು ಕಾಣಿಸಿಕೊಂಡಿತು. ಮೊದಲು ಮೆಟ್ಟಿಲು ಹತ್ತುವಾಗ, ಆಮೇಲೆ ಸುಮ್ಮನೆ ನಿಂತಾಗಲೂ. ಬೇರೆ ಊರಿನ ಮುದುಕಿಯಾಗಿದ್ದರೆ ಡಾಕ್ಟರ ಬಾಗಿಲು ತಟ್ಟುತ್ತಿದ್ದಳು. ರೆಮೇಯ್ ಗೋಪುರದವಳು. ಗೋಪುರದವರಿಗೆ ಸೊಂಟದಿಂದ ಕೆಳಗಿನ ಯಾವ ನೋವಿಗೂ ಒಂದೇ ಮದ್ದು: ನಡುಕಟ್ಟು ಬಿಗಿ. ಬಾಲ್ಕನಿಯ ಕಂಬಿಗೆ ಒಂದು ತುದಿ ಕಟ್ಟಿ, ಒಬ್ಬಳೇ ತಿರುಗಿ, ಲಂಗದ ಒಳಗೆ ಸುತ್ತಿಕೊಂಡಳು. ನೋವು ಮಂದವಾಯಿತು! ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಅಂದು ಒಂದರ ಬದಲು ಎರಡು ಲೋಟ ವೆರ್ಮುತ್ ವೈನ್ ಕುಡಿದಳು. ದಿನ ಕಳೆದಂತೆ ನೋವು ಏರಿತು, ಅವಳು ಇನ್ನೊಂದು ಸುತ್ತು ಬಿಗಿ ಮಾಡಿದಳು. ಬಟ್ಟೆ ಸೊಂಟವನ್ನು ಹಿಡಿಯಬಲ್ಲದು, ಮೂಳೆಯೊಳಗಿನ ಸ್ಕ್ರೂವನ್ನಲ್ಲ. ಅದನ್ನು ಅವಳಿಗೆ ಹೇಳುವವರು ಯಾರು? ಹೇಳಿಸಿಕೊಳ್ಳಲು ನೋವಿದೆ ಎಂದು ಮೊದಲು ಒಪ್ಪಬೇಕಿತ್ತಲ್ಲ.

ಜುಲೈ ಮೊದಲ ಶುಕ್ರವಾರದ ಅಭ್ಯಾಸಕ್ಕೆ ಅವಳು ತಂಡದ ಅಂಗಿ ತೊಟ್ಟು ಬಂದಳು. "ಸುಮ್ನೆ ನೋಡೋಕೆ ಬಂದೆ" ಎಂದಳು. "ಆದ್ರೂ ನಡುಕಟ್ಟು ಇಲ್ದೆ ಬೆತ್ತಲೆ ನಿಂತ ಹಾಗನ್ಸತ್ತೆ. ಕಿಮೆತಾ, ಹಿಡ್ಕೊಳ್ಳೇ."

ಕಿಮೆತಾ ತುದಿ ಹಿಡಿದು ಹಿಂದಕ್ಕೆ ಒರಗಿದಳು. ರೆಮೇಯ್ ತಿರುಗಿದಳು. ಎರಡು ಸುತ್ತು ಬಂದಿರಲಿಲ್ಲ, ಕಿಮೆತಾಳ ಹುಬ್ಬು ಗಂಟಾಯಿತು.

"ನಿಲ್ಲು. ಬಟ್ಟೆ ಓರೆ ಬರ್ತಿದೆ."

"ನೀನು ಓರೆ ಹಿಡ್ದಿದೀಯ."

"ನಾನು ಸರಿಯಾಗೇ ಹಿಡ್ದಿದೀನಿ. ನಿನ್ನ ಸೊಂಟ ಬಲಕ್ಕೆ ಇಳಿದಿದೆ ಕಣೇ. ತಿರುಗೋವಾಗ ಬಲಗಾಲು ನೆಲಕ್ಕೆ ಊರ್ತಾನೇ ಇಲ್ಲ. ಬೆರಳೆಲ್ಲ ಆಚೆ ತಿರುಗಿವೆ, ನೋಡ್ಕೋ." ಕಿಮೆತಾ ಹತ್ತಿರ ಬಂದು ದನಿ ತಗ್ಗಿಸಿದಳು. "ನೋವಿದೆಯಾ?"

"ಇಲ್ಲ."

"ನಿನ್ನ ಮಗಳ ಮೇಲೆ ಆಣೆ ಇಟ್ಟು ಹೇಳು."

"ಕೂದಲು ಕತ್ತರಿಸೋಳಿಗೆ ಕಾಲಿನ ಉಸಾಬರಿ ಯಾಕೆ?"

ಕಿಮೆತಾ ಕೈಯಲ್ಲಿದ್ದ ತುದಿಯನ್ನು ಅಲ್ಲೇ ನೆಲಕ್ಕೆ ಬಿಟ್ಟಳು. ತಂಡದ ಚರಿತ್ರೆಯಲ್ಲಿ ಯಾರೂ ಅರ್ಧ ಸುತ್ತಿದ ನಡುಕಟ್ಟಿನ ತುದಿ ಬಿಟ್ಟದ್ದಿಲ್ಲ.

"ಡಾಕ್ಟ್ರ ಹತ್ರ ಹೋಗಿ ಬಾ. ಅಲ್ಲೀವರೆಗೂ ನಾನು ಹಿಡಿಯಲ್ಲ, ಬೇರೆಯವರಿಗೂ ಹಿಡಿಯೋಕೆ ಬಿಡಲ್ಲ."

"ನನ್ನ ಜಾಗದ ಮೇಲೆ ಕಣ್ಣು ನಿಂಗೆ! ಮೊದಲಿಂದಲೂ ಇತ್ತು!" ಎಂದು ರೆಮೇಯ್ ಕಿರುಚಿದಳು. ಬಟ್ಟೆಯನ್ನು ನೆಲದ ಮೇಲೆ ಎಳೆದುಕೊಂಡೇ ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಬಾಲ್ಕನಿಯ ಕಂಬಿಗೆ ತುದಿ ಕಟ್ಟಿದಳು. ಸಿಟ್ಟಿನಲ್ಲಿ ಎಂದಿಗಿಂತ ಬಿಗಿಯಾಗಿ, ಎಂದಿಗಿಂತ ವೇಗವಾಗಿ ತಿರುಗಿದಳು. ಬಲಗಾಲೂ ಊರುತ್ತದೆ ಎಂದು ಕಿಮೆತಾಳಿಗೆ ತೋರಿಸುವವಳ ಹಾಗೆ ಅದರ ಮೇಲೇ ಭಾರ ಬಿಟ್ಟಳು. ಒಳಗೆ ಏನೋ ಕಟಕ್ಕೆಂದಿತು. ಕಾಲು ಅವಳದಲ್ಲವೆಂಬಂತೆ ಮಡಚಿಕೊಂಡಿತು. ಅರ್ಧ ಸುತ್ತಿದ ಬಟ್ಟೆಯಲ್ಲಿ ಸಿಕ್ಕಿ, ಕಂಬಿಗೆ ಜೋತುಬಿದ್ದು ಕುಳಿತಳು.

ಕೆಳಗೆ ಬೀದಿಯಲ್ಲಿ ಕಿಮೆತಾ ನಿಂತಿದ್ದಳು. ರಾಜಿಗೆಂದು ಸಿಹಿರೊಟ್ಟಿ ಮಾಡಿಕೊಂಡು ಬಂದಿದ್ದಳು.

"ರೆಮೇಯ್! ಏನಾಯ್ತೇ?"

"ಏನಿಲ್ಲ," ಎಂದಳು ರೆಮೇಯ್ ಮೇಲಿನಿಂದ. ಮುಖ ಬಿಳಿಚಿಕೊಂಡಿತ್ತು. "ಬಾಗಿಲು ತೆಗೆಯೋಕಾಗ್ತಿಲ್ಲ. ನೇವುಸ್‌ನ ಕರಿ." ಕಿಮೆತಾ ಹೊರಡಲು ತಿರುಗಿದಾಗ, "ನೋವಿತ್ತು ಕಣೇ. ಮೇ ತಿಂಗಳಿಂದ" ಎಂದಳು.

ಡಾಕ್ಟರ್ ಬೊಫಾರುಲ್ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಸ್ಕ್ರೂ ಮೂಳೆಯ ಗುಂಡನ್ನು ಸೀಳಿಕೊಂಡು ಮೇಲಕ್ಕೆ ಹೊರಟು, ಸೊಂಟದ ಕುಳಿಗೆ ತುದಿ ಚುಚ್ಚಿ ನಿಂತಿತ್ತು. ನೇವುಸ್ ಹತ್ತಿರ ಬಗ್ಗಿ ನೋಡಿದಳು.

"ಒಣಗಿದ ಬ್ರೆಡ್ಡಿಗೆ ಮೊಳೆ ಹೊಡೆದ ಹಾಗೆ," ಎಂದರು ಡಾಕ್ಟರು. "ಮೂಳೆ ಸವೆದಿದ್ರೆ ಕೆಲವು ಸಲ ಎಲ್ಲಾ ಸರಿಯಾಗಿ ಮಾಡಿದ್ರೂ ಹೀಗಾಗತ್ತೆ ಸೆನ್ಯೋರಾ. ತಪ್ಪು ನಿಮ್ಮದೊಂದೇ ಅಲ್ಲ. ಆದ್ರೆ ಮೊದಲ ನೋವಿಗೇ ಬಂದಿದ್ರೆ ಕುಳಿ ಹಾಳಾಗ್ತಿರಲಿಲ್ಲ. ಈಗ ಸರಳು, ಸ್ಕ್ರೂ ಎಲ್ಲಾ ತೆಗೆದು ಪೂರ್ತಿ ಹೊಸ ಕೀಲೇ ಹಾಕ್ಬೇಕು. ದೊಡ್ಡ ಆಪರೇಷನ್ನು."

"ಹಬ್ಬದೊಳಗೆ..." ಎಂದು ರೆಮೇಯ್ ಶುರು ಮಾಡಿದಳು.

"ಹಬ್ಬದ ಹೆಸರೆತ್ತಿದ್ರೆ ಆ ಸ್ಕ್ರೂನಾ ನಾನೇ ತೆಗೀತೀನಿ!" ಎಂದು ನೇವುಸ್ ಆಸ್ಪತ್ರೆ ನಡುಗುವಂತೆ ಕೂಗಿದಳು, ಆಮೇಲೆ ತಾಯಿಯ ಹೊದಿಕೆಯಲ್ಲಿ ಮುಖ ಹುದುಗಿಸಿ ಅತ್ತಳು. ರೆಮೇಯ್ ಮಗಳ ತಲೆ ಸವರಿದಳು. ಬಲಗಂಕುಳು ಕೈತಪ್ಪಿತೆಂದು ಅವಳಿಗೆ ಆಗಲೇ ಗೊತ್ತಾಯಿತು.

ಆಪರೇಷನ್ ಚೆನ್ನಾಗಿಯೇ ಆಯಿತು. ಕಷ್ಟ ಶುರುವಾದದ್ದು ಆಮೇಲೆ. ಹೊಸ ಕೀಲು ಭಾರ ಹೊರುತ್ತದೆ, ಊರಿ, ನಿಲ್ಲಿ ಎಂದು ಡಾಕ್ಟರು ಹೇಳಿದರು, ವ್ಯಾಯಾಮ ಮಾಡಿಸುವ ಹುಡುಗಿ ಬೇಡಿಕೊಂಡಳು. ರೆಮೇಯ್ ಊರಲಿಲ್ಲ. ಎರಡು ಊರುಗೋಲಿನ ಮಧ್ಯೆ ಬಲಗಾಲನ್ನು ಕೊಕ್ಕರೆಯ ಹಾಗೆ ಎತ್ತಿಕೊಂಡು ನಿಂತಳು. ಒಂದು ಸಲ ಕೈಕೊಟ್ಟ ಕಬ್ಬಿಣವನ್ನು ಎರಡನೇ ಸಲ ನಂಬುವುದು ಹೇಗೆ? ಕಾಲು ನೆಲಕ್ಕೆ ತಾಗಿದರೆ ಸಾಕು, ಕಿವಿಯಲ್ಲಿ ಆ ಕಟಕ್ ಸದ್ದು. ಅವಳಿಗೆ ಭಯವಾಗಿತ್ತು. ಜೀವನದಲ್ಲಿ ಮೊದಲ ಸಲ, ನಿಲ್ಲುವುದಕ್ಕೆ ಭಯ.

"ಎಂಟು ಅಂತಸ್ತು ಹೊತ್ತವಳು ನೀನು. ನಿನ್ನ ಮೈ ನಿಂಗೆ ಹೊರೋಕಾಗಲ್ವಾ?" ಎಂದಳು ನೇವುಸ್.

"ಅದು ಬೇರೆ."

"ಹೀಗೇ ಇನ್ನೊಂದು ತಿಂಗಳು ಕಳೆದ್ರೆ," ಎಂದರು ಡಾಕ್ಟರು ಮೆಲ್ಲಗೆ, "ಆಮೇಲೆ ನಿಲ್ತೀನಿ ಅಂದ್ರೂ ಸ್ನಾಯು ಮಾತು ಕೇಳಲ್ಲ ಸೆನ್ಯೋರಾ. ಗಾಲಿಕುರ್ಚೀಲೇ ಉಳಿದ್ಬಿಡ್ತೀರಿ."

ಹಬ್ಬದ ದಿನವೂ ಅವಳು ಗಾಲಿಕುರ್ಚಿಯಲ್ಲೇ ಬಂದಳು. ಚೌಕ ಕಿಕ್ಕಿರಿದಿತ್ತು! ಬಾಲ್ಕನಿ, ಕಿಟಕಿ, ಕಾರಂಜಿಯ ಕಟ್ಟೆ, ಎಲ್ಲೆಲ್ಲೂ ಜನ. ಇಟ್ಟಿಗೆ ಬಣ್ಣದ ಅಂಗಿಗಳು ಚೌಕದ ನಡುವೆ ಸೇರುತ್ತಿದ್ದವು. ಗಂಟೆ ಹೊಡೆಯಿತು, ಪಟಾಕಿ ಸಿಡಿಯಿತು, ಓಲಗದವರು ಪೀಪಿ ಒದ್ದೆ ಮಾಡಿಕೊಂಡರು. ನೇವುಸ್ ತಾಯಿಯ ಕುರ್ಚಿಯನ್ನು ಬ್ರೆಡ್ಡಿನಂಗಡಿಯ ಗೋಡೆಯ ನೆರಳಲ್ಲಿ ನಿಲ್ಲಿಸಿ, ಊರುಗೋಲು ಗೋಡೆಗೆ ಒರಗಿಸಿ, ಕೈಗೊಂದು ಬೀಸಣಿಗೆ ಕೊಟ್ಟು ಓಡಿದಳು.

ಜನರ ನಡುವಿನಿಂದ ಕಿಮೆತಾ ಬಂದಳು. ಅವಳ ಕೈಯಲ್ಲಿದ್ದುದು ರೆಮೇಯ್‌ಳ ನಡುಕಟ್ಟು. ನೇವುಸ್ ಕೊಟ್ಟು ಕಳಿಸಿದ್ದಳು.

"ನಿನ್ನ ಮಗಳು ನನ್ನನ್ನ ಬಲಗಂಕುಳಿಗೆ ಹಾಕಿದಾಳೆ. ಬೈಯೋದಿದ್ರೆ ಈಗಲೇ ಬೈದ್ಬಿಡು."

ರೆಮೇಯ್‌ಳ ಎದೆಯಲ್ಲಿ ಬೆಂಕಿ ಬಿದ್ದಂತಾಯಿತು. ಬೈಗುಳ ನಾಲಗೆಯ ತುದಿಗೆ ಬಂತು. ಹೊರಗೆ ಬಂದದ್ದು ಬೇರೆಯೇ.

"ನೀನು ಒಂದು ಬೆರಳು ಎತ್ತರ. ಮಂಡಿ ಬಗ್ಸಿ ನಿಲ್ಲು. ಎರ್ಮೆಂಗೋಲ್ ಉಸಿರು ಬಿಟ್ಟಾಗ ನೀನು ಎಳ್ಕೋ. ಏನೇ ಆದ್ರೂ ತಲೆ ಎತ್ತಬೇಡ."

"ಹೂಂ. ಈಗ ಇದನ್ನ ಹಿಡಿ."

"ಬೇರೆ ಯಾರಿಗಾದ್ರೂ ಹೇಳೇ."

"ಬೇರೆಯವರು ಹಿಡಿದ್ರೆ ಸಡಿಲ. ಸಡಿಲ ನಡುಕಟ್ಟಲ್ಲಿ ಒಂಬತ್ತರ ಕೆಳಗೆ ನಾನು ಹೋಗಲ್ಲ. ನನ್ನ ಸೊಂಟಾನೂ ಹಳೇದೇ."

"ಸರಿ, ಕೂತೇ ಹಿಡೀತೀನಿ."

ರೆಮೇಯ್ ತುದಿಯನ್ನು ಮುಷ್ಟಿಗೆ ಸುತ್ತಿಕೊಂಡಳು. ಕಿಮೆತಾ ಒಂದು ಸುತ್ತು ತಿರುಗಿದಳು, ಗಾಲಿಕುರ್ಚಿ ಸರ್ರನೆ ಮುಂದಕ್ಕೆ ಉರುಳಿ ಅವಳ ಮಂಡಿಗೇ ಡಿಕ್ಕಿ ಹೊಡೆಯಿತು. ಸುತ್ತ ನಿಂತವರು ಗೊಳ್ಳೆಂದರು. ಕಿಮೆತಾ ಮಾತ್ರ ನಗಲಿಲ್ಲ.

"ಕರೀತಿದಾರೆ ಕಣೇ! ಬೇಗ! ಅವತ್ತು ಅರ್ಧದಲ್ಲಿ ಬಿಟ್ಟವಳು ನಾನು. ಇವತ್ತು ನೀನು ಬಿಡ್ತೀಯಾ?"

ಬುಡದವರು ಸೇರಿ ಎಂದು ನೇವುಸ್ ಕೂಗುತ್ತಿರುವುದು ಕೇಳಿಸಿತು. ರೆಮೇಯ್ ಕುರ್ಚಿಯ ಕೈ ಹಿಡಿದು ಎದ್ದಳು. ಎಡಗಾಲ ಮೇಲೆ ನಿಂತು ಬಟ್ಟೆ ಎಳೆದಳು. ಒಂದು ಕಾಲಲ್ಲಿ ಎಳೆಯಲು ಯಾರಿಗಾದರೂ ಆಗುತ್ತದೆಯೇ? ಬಟ್ಟೆ ಜೋತಾಡಿತು. ಸಡಿಲ. ಈ ಸಡಿಲದಲ್ಲಿ ಕಿಮೆತಾ ಅಷ್ಟು ಭಾರದ ಕೆಳಗೆ ಹೋಗಬೇಕು. ರೆಮೇಯ್ ಹಲ್ಲು ಕಚ್ಚಿದಳು, ಬಲಪಾದವನ್ನು ನೆಲಕ್ಕೆ ಇಟ್ಟಳು, ಹಿಂದಕ್ಕೆ ಒರಗಿದಳು.

ಕಟಕ್ ಎನ್ನುತ್ತದೆಂದು ಕಾದಳು.

ಎನ್ನಲಿಲ್ಲ. "ತಿರುಗೇ!" ಎಂದು ಕೂಗಿದಳು. ಕಿಮೆತಾ ತಿರುಗಿದಳು. ಬಟ್ಟೆ ತಂತಿಯ ಹಾಗೆ ಬಿಗಿಯಾಯಿತು, ಕಿಮೆತಾಳ ಭಾರವೆಲ್ಲ ರೆಮೇಯ್‌ಳ ಎರಡು ಕಾಲಿಗೆ ಬಂತು, ಎರಡು ಕಾಲೂ ತಡೆದವು. ಸುತ್ತು, ಇನ್ನೊಂದು ಸುತ್ತು, ಇನ್ನೂ ಬಿಗಿ! ಕೊನೆಯ ಸುತ್ತಿಗೆ ಇಬ್ಬರ ಮೂಗೂ ತಾಗುವಷ್ಟು ಹತ್ತಿರ ಬಂದಿದ್ದರು. ರೆಮೇಯ್ ತುದಿಯನ್ನು ಒಳಗೆ ಸಿಕ್ಕಿಸಿ ಗೆಳತಿಯ ಬೆನ್ನಿಗೆ ಗುದ್ದಿದಳು.

"ಹೋಗು!"

ಬುಡ ಕಟ್ಟಿತು. ನೂರಾರು ಕೈಗಳು ಒಂದರ ಬೆನ್ನ ಮೇಲೊಂದು ಒತ್ತಿಕೊಂಡವು. ಎರಡನೆಯವರು ಹತ್ತಿದರು, ಮೂರನೆಯವರು ಹತ್ತಿದರು. ಓಲಗ ಶುರುವಾಯಿತು. ರೆಮೇಯ್ ರೂಢಿಯಂತೆ ತಲೆ ತಗ್ಗಿಸಿ ಕಾಲಬೆರಳು ನೋಡುತ್ತಾ ಕಿವಿಗೊಟ್ಟಳು. ಹತ್ತುತ್ತಿದ್ದಾರೆ. ಇನ್ನೂ ಹತ್ತುತ್ತಿದ್ದಾರೆ. ಚೌಕವಿಡೀ ಉಸಿರು ಹಿಡಿದಿತ್ತು. ಆಗ ಅವಳಿಗೆ ಹೊಳೆಯಿತು, ಇವತ್ತು ತಲೆ ಎತ್ತಬಹುದು.

ಎತ್ತಿದಳು.

ಅಬ್ಬಾ! ಕೆಂಪಗೆ, ನಡುಗುತ್ತಾ, ಚರ್ಚಿನ ಕಿಟಕಿಯನ್ನು ದಾಟಿ, ಗಡಿಯಾರದತ್ತ ಮೇಲೇಳುತ್ತಿರುವ ಮನುಷ್ಯರು! ಬೆವರಿದ ಬೆನ್ನುಗಳು, ಹೆಗಲ ಮೇಲೆ ಬರಿಗಾಲುಗಳು, ಗಾಳಿ ಬಂದರೆ ಎಲ್ಲಿ ಬೀಳುತ್ತದೋ ಎಂಬಷ್ಟು ತೆಳ್ಳಗೆ, ಅಷ್ಟೆತ್ತರ! ಒಂದು ಪುಟ್ಟ ಹುಡುಗಿ ಎಲ್ಲರನ್ನೂ ದಾಟಿ ತುದಿಗೆ ಹೋದಳು, ಆಕಾಶಕ್ಕೆ ಕೈ ಎತ್ತಿದಳು. ಓಲಗದ ಧಾಟಿ ಬದಲಾಯಿತು. ಚೌಕ ಸ್ಫೋಟಿಸಿತು. ರೆಮೇಯ್ ಏನೇನೋ ಕೂಗುತ್ತಿದ್ದಳು, ಯಾರನ್ನೋ ಬೈಯುತ್ತಿದ್ದಳು, ಅಳುತ್ತಿದ್ದಳು. ಒಬ್ಬೊಬ್ಬರಾಗಿ ಕೆಳಗಿಳಿದು ಕೊನೆಯವನ ಪಾದ ಕೆಳಗಿನವರ ಕೈಗೆ ಸಿಗುವವರೆಗೂ ಅವಳಿಗೆ ಮೈಮೇಲೆ ಎಚ್ಚರವಿರಲಿಲ್ಲ. ಇಳಿದರು. ಎಲ್ಲರೂ ಇಳಿದರು. ಒಂಬತ್ತು!

ಕಿಮೆತಾ ತಬ್ಬಿಕೊಂಡವರನ್ನೆಲ್ಲ ನೂಕಿಕೊಂಡು ಬಂದಳು. ಕೂದಲೆಲ್ಲ ಕೆದರಿ ಬೆವರಲ್ಲಿ ತೊಯ್ದುಹೋಗಿದ್ದಳು.

"ನೋಡ್ದಾ? ನಂಗೇನೂ ಕಾಣ್ಲಿಲ್ಲ! ಹೇಗಿತ್ತೇ?"

"ಅಷ್ಟು ಎತ್ತರ ಅಂತ ಮೊದಲೇ ಗೊತ್ತಿದ್ರೆ," ಎಂದಳು ರೆಮೇಯ್ ಮೂಗು ಒರೆಸಿಕೊಳ್ಳುತ್ತಾ, "ದೇವರಾಣೆ, ಒಂದು ದಿನಾನೂ ಕೆಳಗೆ ನಿಲ್ತಾ ಇರ್ಲಿಲ್ಲ ಕಣೇ!"

ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು.

"ಬಿಚ್ಚು ಮಾರಾಯ್ತಿ, ಉಸಿರು ಕಟ್ತಿದೆ. ಇಷ್ಟು ಬಿಗಿಯಾಗಿ ಯಾವನಾದ್ರೂ ಎಳೀತಾನಾ?"

ಕಿಮೆತಾ ತುದಿಯನ್ನು ಅವಳ ಕೈಗೆ ಕೊಟ್ಟು ಹಿಂದು ಹಿಂದಕ್ಕೆ ತಿರುಗುತ್ತಾ ಬಿಡಿಸಿಕೊಂಡಳು. ಕಪ್ಪು ಬಟ್ಟೆ ಚೌಕದ ಕಲ್ಲಿನ ಮೇಲೆ ಉದ್ದಕ್ಕೆ ಚಾಚಿತು. ರೆಮೇಯ್ ತನ್ನ ತುದಿಯಿಂದ ಅದನ್ನು ಮೊಣಕೈಗೆ ಸುತ್ತಿಕೊಳ್ಳುತ್ತಾ ಕಿಮೆತಾಳ ಕಡೆಗೆ ಹೊರಟಳು, ಬಲಗಾಲು, ಎಡಗಾಲು, ಬಲಗಾಲು, ಬಾಯಲ್ಲಿ "ಮಂಡಿ ಬಗ್ಸಿದ್ಯಾ ಇಲ್ವಾ, ನಿಜ ಹೇಳು" ಎಂದು ಕೇಳುತ್ತಲೇ. ಚೌಕದ ಆ ಕಡೆಯಿಂದ ತಾಯಿಯನ್ನು ಹುಡುಕಿಕೊಂಡು ಬಂದ ನೇವುಸ್ ಮೊದಲು ತಾಯಿಯ ಕಾಲು ನೋಡಿದಳು, ಆಮೇಲೆ ಖಾಲಿ ಕುರ್ಚಿ ನೋಡಿದಳು. ಊರುಗೋಲುಗಳು ಬ್ರೆಡ್ಡಿನಂಗಡಿಯ ಗೋಡೆಗೆ ಒರಗಿಯೇ ಇದ್ದವು.